ಕೆಂಪು ನುಂಗಿದ ಬೂದು

ಬೆಂಗಳೂರು–ಮೈಸೂರು ರೈಲು ಮದ್ದೂರು ಬಿಟ್ಟು ಮಂಡ್ಯ ಮುಟ್ಟುವ ಮೊದಲು ಹನಕೆರೆ ಸಿಗುತ್ತದೆ. ಆ ಕಡೆಯ ಒಂದು ಹಾಲಿನ ಡೇರಿಯಲ್ಲಿ ಲೆಕ್ಕ ನೋಡಿಕೊಳ್ಳುವ ಓದುಗರೊಬ್ಬರು ಕೇಳಿರುವ ಪ್ರಶ್ನೆ ಇದು: "ಫ್ಯಾಟ್ 3.5ಕ್ಕಿಂತ ಕಮ್ಮಿ ಬಂದರೆ ಅಂಕಿ ಕೆಂಪಾಗಲಿ ಅಂತ ಆಕ್ಸೆಸ್ ಫಾರಂನಲ್ಲಿ ನಿಯಮ ಹಾಕಿದ್ದೆ. ಚೆನ್ನಾಗೇ ನಡೀತಿತ್ತು. ಅಂಥ ಅಂಕಿಯನ್ನು ಯಾರೂ ತಿದ್ದಬಾರದು ಅಂತ ಬೀಗ ಹಾಕಿದೆ ನೋಡಿ, ಅವತ್ತಿಂದ ಕೆಂಪು ಮಾಯ. ಬೀಗ ಹಾಕಿದರೆ ಬಣ್ಣ ಹೋಗುತ್ತಾ?"

ಇಲ್ಲ, ಹೋಗುವುದಿಲ್ಲ. ಆದರೆ ಓದುಗರು ಬೀಗ ಅಂದುಕೊಂಡು ಹಾಕಿದ್ದು ಬೀಗವೇ ಅಲ್ಲ.

ಬೀಗ ಯಾಕೆ ಬೇಕಾಯಿತು ಎಂಬುದನ್ನು ವಿವರಿಸುವ ಅಗತ್ಯ ಮಂಡ್ಯ ಸೀಮೆಯಲ್ಲಿಲ್ಲ. ಗೆಜ್ಜಲಗೆರೆಯ ಒಕ್ಕೂಟದ ಡೇರಿಗೆ ಹಾಲು ಹೋಗುವ ಮೊದಲು ಊರಿನ ಡೇರಿಯಲ್ಲಿ ಪ್ರತಿ ಕ್ಯಾನಿನ ಮಾದರಿಯೂ ಯಂತ್ರದ ಮುಂದೆ ನಿಲ್ಲಬೇಕು. ಯಂತ್ರ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎರಡನ್ನೂ ಅಳೆದು ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ, ಅದರ ಮೇಲೆ ದುಡ್ಡು. "ಯಾಕಣ್ಣಯ್ಯ, ನನ್ ಹಾಲ್ಗೆ ಮಾತ್ರ ಕಮ್ಮಿ ಬಂದೈತೆ?" ಎಂದು ಕೇಳಿಸಿಕೊಳ್ಳದೆ ಯಾವ ಟೆಸ್ಟರನ ಬೆಳಗೂ ಕಳೆಯುವುದಿಲ್ಲ. ಕಮ್ಮಿ ಬಂದ ಅಂಕಿಯನ್ನೇ ತಿದ್ದು ಎಂಬ ಒತ್ತಾಯ ಬರುವುದೂ ಸಹಜ. ಯಂತ್ರ ಬರೆದದ್ದನ್ನು ಮನುಷ್ಯ ಮುಟ್ಟಬಾರದು ಎಂಬ ತತ್ವ ನಮ್ಮ ಸರ್ಕಾರಿ ಕಂಪ್ಯೂಟರುಗಳಿಗೂ ಹೊಸದಲ್ಲ. 2000ದ ಸುಮಾರಿಗೆ ಶುರುವಾದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು, ಆದರೆ ಅದೇ ಕೌಂಟರಿನಲ್ಲಿ ಹೆಸರು ಬದಲಾಗುತ್ತಿರಲಿಲ್ಲ. ಅದಕ್ಕೆ ಮ್ಯುಟೇಶನ್ ಆಗಿಯೇ ಬರಬೇಕು.

ಈಗ ಆಕ್ಸೆಸ್ ವಿಷಯ. 1992ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಡೇಟಾಬೇಸ್ ತಂತ್ರಾಂಶಕ್ಕೆ 'ಕಂಡಿಷನಲ್ ಫಾರ್ಮ್ಯಾಟಿಂಗ್' ಬಂದದ್ದು ಆಕ್ಸೆಸ್ 2000ರಲ್ಲಿ. ಆಗ ಒಂದು ಬಾಕ್ಸಿಗೆ ಮೂರೇ ನಿಯಮ. 2010ರ ಆವೃತ್ತಿಯಿಂದ ಐವತ್ತು ಹಾಕಬಹುದು, ಐವತ್ತು ಯಾರಿಗೆ ಬೇಕೋ! ನಿಯಮ ಬರೆಯುವ ಕಿಟಕಿಯಲ್ಲಿ ದಪ್ಪ ಅಕ್ಷರ, ಓರೆ ಅಕ್ಷರ, ಅಡಿಗೆರೆ, ಹಿನ್ನೆಲೆ ಬಣ್ಣ, ಅಕ್ಷರದ ಬಣ್ಣ ಎಂದು ಗುಂಡಿಗಳು ಸಾಲಾಗಿ ನಿಂತಿರುತ್ತವೆ. ಸಾಲಿನ ಕೊನೆಯಲ್ಲಿ ಇನ್ನೊಂದು ಪುಟ್ಟ ಗುಂಡಿ. ಅದರ ಹೆಸರು 'ಎನೇಬಲ್ಡ್'. ನಮ್ಮ ಓದುಗರು ಒತ್ತಿದ್ದು ಅದನ್ನೇ.

ಆ ಗುಂಡಿ ಬಾಕ್ಸಿಗೆ ಬೀಗ ಹಾಕುವುದಿಲ್ಲ, ಬಾಕ್ಸನ್ನು ಮಲಗಿಸುತ್ತದೆ. ಮಲಗಿದ ಬಾಕ್ಸನ್ನು ಬೂದು ಅಕ್ಷರದಲ್ಲಿ ತೋರಿಸುವುದು ವಿಂಡೋಸ್‌ನ ಹಳೇ ಪದ್ಧತಿ. ಆ ಬೂದಿಗೆಂದೇ ವ್ಯವಸ್ಥೆಯೊಳಗೆ 'ಗ್ರೇ ಟೆಕ್ಸ್ಟ್' ಎಂಬ ಪ್ರತ್ಯೇಕ ಬಣ್ಣವಿದೆ. ಅಂದರೆ ಓದುಗರ ನಿಯಮ ಒಂದೇ ಉಸಿರಿನಲ್ಲಿ ಎರಡು ಆಜ್ಞೆ ಕೊಟ್ಟಿತು: ಕಮ್ಮಿ ಬಂದರೆ ಕೆಂಪಾಗು, ಕಮ್ಮಿ ಬಂದರೆ ಮಲಗು. ಎರಡನೆಯದು ಮೊದಲನೆಯದನ್ನು ನುಂಗಿತು. ನಿಯಮ ಕೆಲಸ ಮಾಡುತ್ತಲೇ ಇದೆ, ಕಣ್ಣಿಗೆ ಬೀಳುವುದು ಬೂದು.

ನಿಜವಾದ ಬೀಗ ಬೇರೆ ಕಡೆ ಇದೆ. ಬಾಕ್ಸಿನ ಪ್ರಾಪರ್ಟಿ ಪಟ್ಟಿಯ 'ಡೇಟಾ' ಪುಟದಲ್ಲಿ 'ಎನೇಬಲ್ಡ್', 'ಲಾಕ್ಡ್' ಎಂಬ ಎರಡು ಸಾಲು ಅಕ್ಕಪಕ್ಕ ಕುಳಿತಿವೆ. ಅಣ್ಣತಮ್ಮಂದಿರಂತೆ ಕಾಣುತ್ತವೆ, ಸ್ವಭಾವ ಬೇರೆ. ಎನೇಬಲ್ಡ್‌ಗೆ ಯೆಸ್, ಲಾಕ್ಡ್‌ಗೂ ಯೆಸ್ ಕೊಟ್ಟರೆ ಕರ್ಸರ್ ಒಳಗೆ ಹೋಗುತ್ತದೆ, ಅಂಕಿಯನ್ನು ಕಾಪಿ ಮಾಡಿಕೊಳ್ಳಬಹುದು, ತಿದ್ದಲು ಮಾತ್ರ ಆಗದು. ಬಣ್ಣದ ನಿಯಮವೂ ನಡೆಯುತ್ತದೆ. ಎರಡಕ್ಕೂ ನೋ ಕೊಟ್ಟರೆ ಬಾಕ್ಸ್ ಬೂದಾಗಿ ಮಲಗುತ್ತದೆ. ತಮಾಷೆ ಇರುವುದು ಮೂರನೇ ಜೋಡಣೆಯಲ್ಲಿ: ಎನೇಬಲ್ಡ್‌ಗೆ ನೋ, ಲಾಕ್ಡ್‌ಗೆ ಯೆಸ್. ಇಷ್ಟು ಮಾಡಿದರೆ ಕರ್ಸರ್ ಒಳಗೆ ಕಾಲಿಡುವುದಿಲ್ಲ, ಆದರೂ ಬಾಕ್ಸ್ ಬೂದಾಗದೆ ಮಾಮೂಲಿನಂತೆ ಕಾಣುತ್ತದೆ. ಬೀಗ ಬಣ್ಣ ಕಳೆಯುತ್ತದೆ ಎಂಬ ನಂಬಿಕೆ ಎಷ್ಟು ಉಲ್ಟಾ ನೋಡಿ, ಇಲ್ಲಿ ಬೂದಾಗದಂತೆ ಕಾಯುವುದೇ ಬೀಗ. ಓದುಗರು ಮಾಡಬೇಕಾದದ್ದು ಇಷ್ಟೇ: ನಿಯಮದ ಕೊನೆಯ ಗುಂಡಿಯನ್ನು ಮೊದಲಿನ ಸ್ಥಿತಿಗೆ ತರುವುದು, ಪ್ರಾಪರ್ಟಿಯಲ್ಲಿ ಲಾಕ್ಡ್‌ಗೆ ಯೆಸ್ ಕೊಡುವುದು.

ಈ ಐದು ನಿಮಿಷದ ಕೆಲಸಕ್ಕೆ ಮುಂಚೆ ಆ ಡೇರಿಯಲ್ಲಿ ಏನೇನು ನಡೆಯಿತು ಎಂಬುದನ್ನೂ ಓದುಗರು ಸಂಕೋಚವಿಲ್ಲದೆ ಬರೆದಿದ್ದಾರೆ. ಒಬ್ಬರು ವೈರಸ್ ಎಂದರು. ಇನ್ನೊಬ್ಬರು ಮಾನಿಟರ್ ಹಳೆಯದಾಯಿತು, ಕೆಂಪು ಸವೆದಿದೆ ಎಂದರು. ಆಯುಧಪೂಜೆಯ ಕುಂಕುಮ ಇನ್ನೂ ಆರದ ಸಿಪಿಯು ಮೇಲೆ ಯಾರೋ ಹೊಸದೊಂದು ನಿಂಬೆಹಣ್ಣು ಇಟ್ಟು ಹೋದರು. ಪೂಜೆ ಮಾಡುವವರು ಮಾಡಲಿ, ಯಂತ್ರಕ್ಕೆ ವರ್ಷಕ್ಕೊಮ್ಮೆ ಧೂಳು ಒರೆಸಿಸಿಕೊಳ್ಳುವ ಭಾಗ್ಯ ಅದರಿಂದಲೇ ಸಿಗುತ್ತದೆ. ಆದರೆ ದೃಷ್ಟಿ ತಗುಲಿದ ಕಂಪ್ಯೂಟರ್ ಒಂದೇ ಒಂದು ಬಾಕ್ಸಿನ ಕೆಂಪನ್ನು ಆರಿಸಿ ಕಳೆದುಕೊಳ್ಳುತ್ತದೆಯೇ? ಮಾನಿಟರಿನಲ್ಲಿ ಕೆಂಪು ಸವೆದಿದ್ದರೆ ಅದೇ ಪರದೆಯ ಕ್ಯಾಲೆಂಡರ್ ಚಿತ್ರದ ದಾಸವಾಳವೂ ಕಪ್ಪಿಡಬೇಕಿತ್ತಲ್ಲ!

ಓದುಗರು ನಡುವೆ ಇನ್ನೊಂದು ಪ್ರಯತ್ನ ಮಾಡಿದ್ದರು. ನಿಯಮದ ಸಹವಾಸವೇ ಬೇಡವೆಂದು ನಾಲ್ಕು ಸಾಲು ಕೋಡ್ ಬರೆದು, ಫ್ಯಾಟ್ ಕಮ್ಮಿಯಿದ್ದರೆ ಅಕ್ಷರದ ಬಣ್ಣ ಬದಲಿಸು ಎಂದರು. ಪರದೆಯ ಮೇಲಿದ್ದ ಅಷ್ಟೂ ಸಾಲು ಒಟ್ಟಿಗೆ ಕೆಂಪಾದವು. ಮುಂದಿನ ಸಾಲಿಗೆ ಹೋದರೆ ಅಷ್ಟೂ ಒಟ್ಟಿಗೆ ಕಪ್ಪು! ಊರಿನ ಎಲ್ಲ ಹಸುವೂ ಒಟ್ಟಿಗೆ ಕೆಟ್ಟು ಒಟ್ಟಿಗೆ ಸುಧಾರಿಸಿದಂತೆ.

ಆಕ್ಸೆಸ್‌ನ ಅತಿ ಸೊಗಸಾದ ಗುಟ್ಟು ಹೊರಬೀಳುವುದು ಇಲ್ಲೇ. ಸಾಲುಸಾಲಾಗಿ ದಾಖಲೆ ತೋರಿಸುವ ಫಾರಂನಲ್ಲಿ ನಲವತ್ತು ಫ್ಯಾಟ್ ಬಾಕ್ಸ್ ಕಂಡರೂ ಅಲ್ಲಿ ನಿಜಕ್ಕೂ ಇರುವುದು ಒಂದೇ ಬಾಕ್ಸ್. ಮದ್ದೂರು, ಪಾಂಡವಪುರದ ಆಲೆಮನೆಗಳಲ್ಲಿ ಅಚ್ಚುಬೆಲ್ಲ ಎತ್ತುವುದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಬೆಲ್ಲ ಸಾವಿರ, ಅಚ್ಚು ಅದೇ. ಆಕ್ಸೆಸ್ ಒಂದೇ ಬಾಕ್ಸನ್ನು ಅಚ್ಚಾಗಿಟ್ಟುಕೊಂಡು, ಒಂದೊಂದು ಸಾಲಿನ ಅಂಕಿಯನ್ನು ಅದರಲ್ಲಿ ಹೊಯ್ದು ಪರದೆಯ ಮೇಲೆ ಚಿತ್ರ ಬರೆಯುತ್ತ ಕೆಳಗಿಳಿಯುತ್ತದೆ. ಕೋಡ್ ಬಣ್ಣ ಬಳಿಯುವುದು ಅಚ್ಚಿಗೆ, ಹಾಗಾಗಿ ಎಲ್ಲ ಬೆಲ್ಲವೂ ಅದೇ ಬಣ್ಣ. ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಗಲ್ಲ. ಅದು ಪಾಕ ಹೊಯ್ಯುವಾಗ ಪ್ರತಿ ಸಲ ಬಗ್ಗಿ ನೋಡಿ, ಇದು 3.5ಕ್ಕಿಂತ ಕಮ್ಮಿಯೇ ಎಂದು ಕೇಳಿ, ಆ ಒಂದಕ್ಕೆ ಮಾತ್ರ ಬಣ್ಣ ಹಾಕುತ್ತದೆ. ಒಂದಕ್ಕಿಂತ ಹೆಚ್ಚು ನಿಯಮವಿದ್ದರೆ ಮೇಲಿನಿಂದ ನೋಡುತ್ತ ಬಂದು, ಮೊದಲು ನಿಜವಾದದ್ದನ್ನೇ ಹಿಡಿಯುತ್ತದೆ. ಸಾಲುಸಾಲಿಗೂ ಬೇರೆ ಬಣ್ಣ ಬೇಕಾದವರು ಕೋಡ್ ಬಿಟ್ಟು ಮತ್ತೆ ನಿಯಮಕ್ಕೇ ಬರಬೇಕಾದದ್ದು ಇದಕ್ಕೇ.

ಕೆಂಪು ವಾಪಸು ಬಂದಮೇಲೂ ಎರಡು ತೊಡಕು ಉಳಿಯುತ್ತವೆ. ಕರೆಂಟ್ ಹೋಗಿಯೋ ಕೇಬಲ್ ಸಡಿಲವಾಗಿಯೋ ಯಂತ್ರ ಅಂಕಿ ಕಳಿಸದಿದ್ದರೆ ಬಾಕ್ಸ್ ಖಾಲಿ. ಖಾಲಿ ಎಂದರೆ ಸೊನ್ನೆಯಲ್ಲ, ಡೇಟಾಬೇಸ್ ಭಾಷೆಯಲ್ಲಿ ಅದು 'ನಲ್', ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲದ್ದು 3.5ಕ್ಕಿಂತ ಕಮ್ಮಿಯೇ ಎಂದು ಕೇಳಿದರೆ ಹೌದೂ ಬರದು, ಇಲ್ಲವೂ ಬರದು, ಮತ್ತೆ ಗೊತ್ತಿಲ್ಲ ಎಂದೇ ಬರುತ್ತದೆ. ಹೌದು ಎಂದಾಗ ಮಾತ್ರ ಕೆಂಪಾಗುವ ನಿಯಮ ಸುಮ್ಮನಿರುತ್ತದೆ. ಅದಕ್ಕೆ 'ಇಸ್‌ನಲ್' ಎಂದು ವಿಚಾರಿಸುವ ಬೇರೆಯೇ ನಿಯಮ ಬೇಕು.

ಎರಡನೆಯದು ಇನ್ನೂ ಮಜಾ. 3.5 ಎಂಬುದು ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ ಚೊಕ್ಕವಾಗಿ ಕೂರುತ್ತದೆ. 3.2 ಕೂರುವುದಿಲ್ಲ. ಮೂರರಿಂದ ಹತ್ತನ್ನು ಭಾಗಿಸಿದಂತೆ ಬಾಲ ಬೆಳೆಯುತ್ತಲೇ ಹೋಗುತ್ತದೆ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 'ಸಿಂಗಲ್' ಬಗೆಯ ಫೀಲ್ಡಿನಲ್ಲಿ ಕತ್ತರಿಸಿ ಇಟ್ಟ 3.2 ನಿಜಕ್ಕೂ 3.20000005ರ ಹತ್ತಿರ ಇರುತ್ತದೆ. ನಾಳೆ ಯಾರಾದರೂ 3.2 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಕೆಂಪು ಎಂದು ನಿಯಮ ಬದಲಿಸಿದರೆ, ಸರಿಯಾಗಿ 3.2 ಬಂದ ಹಾಲು ಕೂದಲೆಳೆಯಲ್ಲಿ ಪಾರಾಗಿಬಿಡಬಹುದು. ಫೀಲ್ಡನ್ನು 'ಡೆಸಿಮಲ್' ಬಗೆಗೆ ಬದಲಿಸಿ, ಬಿಂದುವಿನ ನಂತರ ಎಷ್ಟು ಅಂಕಿ ಎಂಬ 'ಸ್ಕೇಲ್' ಅನ್ನೂ ಕೊಟ್ಟರೆ 3.2 ಅಂದರೆ 3.2.

ಕೆಂಪೊಂದನ್ನೇ ನಂಬುವುದೂ ಅಷ್ಟು ಸರಿಯಲ್ಲ. ಕೆಂಪು–ಹಸಿರು ಸರಿಯಾಗಿ ಗುರುತಿಸಲಾಗದವರು ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿ ಇದ್ದಾರೆ, ನಮ್ಮಲ್ಲೂ ಇಂಥವರು ಅಪರೂಪವಲ್ಲ. ನಿಯಮದ ಕಿಟಕಿಯಲ್ಲಿ ದಪ್ಪ ಅಕ್ಷರದ ಗುಂಡಿಯನ್ನೂ ಒತ್ತಿಬಿಟ್ಟರೆ ಅವರಿಗೂ ಅಂಕಿ ಎದ್ದು ಕಾಣುತ್ತದೆ.

ಓದುಗರಿಗೆ ಇಷ್ಟನ್ನೂ ತಿಳಿಸಿದ ಮೇಲೆ ಮರು ಉತ್ತರ ಬಂತು. ಲಾಕ್ಡ್‌ಗೆ ಯೆಸ್ ಕೊಟ್ಟ ಮಾರನೇ ಬೆಳಗ್ಗೆ ಮೂರು ಸಾಲು ದಪ್ಪ ಕೆಂಪಿನಲ್ಲಿ ಬಂದವಂತೆ. ಖಾಲಿ ಬಾಕ್ಸಿಗೆಂದು ಹಾಕಿದ ಹಳದಿಯೂ ಒಂದು ಕಡೆ ಕಾಣಿಸಿತು, ಬಗ್ಗಿ ನೋಡಿದರೆ ಯಂತ್ರದ ಕೇಬಲ್ ಅರ್ಧ ಈಚೆ ಬಂದಿತ್ತು.