ಎರೆಮಣ್ಣಿನ ತೇವದ ಅಳತೆ

ಅಜ್ಜಂಪುರದ ಸುತ್ತಣ ಎರೆಭೂಮಿಯಲ್ಲಿ ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ, ಉಂಡೆ ಕಟ್ಟಿದರೆ ಹದವಿದೆಯೆಂದು ನಿರ್ಣಯಿಸುವುದು ರೂಢಿ. ಈ ಪರೀಕ್ಷೆಯು ಅಲ್ಲಗಳೆಯತಕ್ಕದ್ದಲ್ಲ. ಆದರೆ ಜೇಡಿಯ ಅಂಶ ಹೆಚ್ಚಾಗಿರುವ ಕಪ್ಪುಮಣ್ಣು, ಬೇರಿಗೆ ನೀರು ಸಿಕ್ಕದ ಸ್ಥಿತಿಯಲ್ಲಿಯೂ ಕೈಗೆ ತಂಪಾಗಿಯೇ ತೋರುತ್ತದೆ. ಮಣ್ಣಿನಲ್ಲಿ ಎಷ್ಟು ನೀರಿದೆ ಎಂಬುದು ಒಂದು ಪ್ರಶ್ನೆ. ಅದರಲ್ಲಿ ಗಿಡಕ್ಕೆ ದಕ್ಕುವುದೆಷ್ಟು ಎಂಬುದು ಬೇರೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಬೇರಿನ ಆಳದಿಂದ ತೆಗೆದ ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ತಂದು ತೂಗಿ, 105 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. 100 ಗ್ರಾಂ ಹಸಿಮಣ್ಣು 85 ಗ್ರಾಮಿಗೆ ಇಳಿದರೆ, ಹೋದ 15 ಗ್ರಾಂ ನೀರನ್ನು ಒಣಮಣ್ಣಿನ ತೂಕದಿಂದ ಭಾಗಿಸಬೇಕು: ತೇವಾಂಶ ಶೇಕಡಾ 17.6. ಹಸಿಮಣ್ಣಿನಿಂದ ಭಾಗಿಸಿ 15 ಎಂದು ಬರೆಯುವುದು ವಿದ್ಯಾರ್ಥಿಗಳಿಗೆ ಸಹಜವಾದ ತಪ್ಪು.

ಹೆಚ್ಚುನೀರು ಬಸಿದ ಮೇಲೆ ಮಣ್ಣು ಹಿಡಿದಿಡುವ ಪ್ರಮಾಣವು ಕ್ಷೇತ್ರಧಾರಣೆ. ಗಿಡವು ಬಾಡಿ ಮರಳಿ ಚೇತರಿಸಿಕೊಳ್ಳದ ಹಂತವು ಬಾಡುಬಿಂದು. ಇವೆರಡರ ನಡುವಣ ನೀರಷ್ಟೇ ಬೆಳೆಯ ಪಾಲು. ಮರಳುಮಿಶ್ರಿತ ಕೆಂಪುಮಣ್ಣಿಗೆ ಇವು ಸ್ಥೂಲವಾಗಿ ಶೇಕಡಾ 15 ಮತ್ತು 7. ಜೇಡಿಮಣ್ಣಿಗೆ 35 ಮತ್ತು 18ರ ಆಸುಪಾಸು. ಆದಕಾರಣ ಮೇಲಿನ 17.6 ಕೆಂಪುನೆಲದಲ್ಲಿ ಬಸಿದುಹೋಗುವಷ್ಟು ಸಮೃದ್ಧಿ, ಎರೆಯಲ್ಲಿ ಬರ.

ಇಲ್ಲಿಯ ಮುಖ್ಯ ಬೆಳೆಗಳಲ್ಲೊಂದಾದ ಈರುಳ್ಳಿಯ ಬೇರು ಬಹುಮಟ್ಟಿಗೆ ಮೇಲಣ 30 ಸೆಂಟಿಮೀಟರಿನಲ್ಲಿಯೇ ಇರುತ್ತದೆ. ಆ ಪದರದ ತೇವವನ್ನು ಶೇಕಡಾ 8ರಷ್ಟು ಏರಿಸಬೇಕಾಗಿದೆಯೆನ್ನೋಣ. ಮಣ್ಣಿನ ಸಾಂದ್ರತೆ 1.2 ಆದರೆ ಬೇಕಾದ ನೀರು 28.8 ಮಿಲಿಮೀಟರ್, ಎಕರೆಗೆ ಸುಮಾರು 1 ಲಕ್ಷ 16 ಸಾವಿರ ಲೀಟರು. ಇದಕ್ಕಿಂತ ಹೆಚ್ಚು ಹಾಯಿಸಿದರೆ ನೀರು ನಿಧಾನವಾಗಿ ಬಸಿಯುವ ಎರೆಯಲ್ಲಿ ಬೇರಿಗೆ ಗಾಳಿ ತಪ್ಪಿ ಗೆಡ್ಡೆ ಕೊಳೆಯುತ್ತದೆ. ವರ್ಷಗಳು ಕಳೆದಂತೆ ಲವಣವು ಮೇಲೇರುವ ಭಯವೂ ಉಂಟು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವು ಅಜ್ಜಂಪುರದ ಬಳಿಯೇ ಹಾದಿರುವಾಗ, ಕಾಲುವೆ ನೀರಿನ ನಿರೀಕ್ಷೆಯೊಡನೆ ಈ ಲೆಕ್ಕವೂ ಬೆಳೆಯಬೇಕಾಗಿದೆ.

ಉಪಕರಣಗಳ ವಿಷಯದಲ್ಲಿ ಎಚ್ಚರ ಬೇಕು. ಸರಂಧ್ರ ಪಿಂಗಾಣಿ ಬಟ್ಟಲಿನ ಟೆನ್ಸಿಯೋಮೀಟರು ಸುಮಾರು 80 ಸೆಂಟಿಬಾರ್ ಸೆಳೆತದವರೆಗೆ ಮಾತ್ರ ನಂಬತಕ್ಕದ್ದು; ಬಾಡುಬಿಂದುವಾದರೋ 1500ರಷ್ಟು ದೂರದಲ್ಲಿದೆ. ಮೇಲಾಗಿ ಎರೆಯು ಒಣಗಿ ಬಿರಿದಾಗ ಬಟ್ಟಲಿಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ವಿದ್ಯುತ್ ತಡೆಯನ್ನಳೆಯುವ ಜಿಪ್ಸಂ ದಿಂಡು ಒಣಹಂತಕ್ಕೆ ಮೇಲು, ಆದರೆ ಬಿರುಕಿನ ತೊಂದರೆ ಅದಕ್ಕೂ ತಪ್ಪಿದ್ದಲ್ಲ.

ಗಿಡವನ್ನೇ ಕೇಳುವ ಮಾರ್ಗವೂ ಇದೆ. ಹತ್ತಿಯ ಎಲೆಯಿಂದ ಬಿಲ್ಲೆಗಳನ್ನು ಕತ್ತರಿಸಿ ತೂಗಿ, ನೀರಿನಲ್ಲಿ ತೇಲಿಬಿಟ್ಟು ಪೂರ್ಣ ಉಬ್ಬಿದ ಮೇಲೊಮ್ಮೆ, ಒಣಗಿಸಿದ ಮೇಲೊಮ್ಮೆ ತೂಗಬೇಕು. ಎಲೆಯಲ್ಲಿದ್ದ ನೀರು ಅದು ಹಿಡಿಯಬಲ್ಲ ನೀರಿನ ಶೇಕಡಾ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ನಡುಹಗಲಿನಲ್ಲಿ ಹಸಿನೆಲದ ಗಿಡವೂ ಜೋಲುವುದರಿಂದ, ಎಲೆಯನ್ನು ಸೂರ್ಯೋದಯಕ್ಕೆ ಮುಂಚೆ ಕೊಯ್ಯುವುದು ಲೇಸು.