ಕಂಪ್ಯೂಟರಿಗೆ ವಿಂಡೋಸನ್ನು ಮರಳಿ ಅಳವಡಿಸುವ ಕ್ರಮ



ಕುರೆಕುಪ್ಪದ ಮನೆಯೊಂದರಲ್ಲಿ ಹಳೆಯ ಕಂಪ್ಯೂಟರು ಕೆಟ್ಟು ನಿಂತಿತೆಂದೆಣಿಸೋಣ. ಅದರೊಳಗೆ ತಾಯಿಯು ಬರೆದಿಟ್ಟ ಕನ್ನಡ ಪತ್ರಗಳಿವೆ. ಕೈಯಲ್ಲಿರುವುದು ‘ಅಪ್‌ಗ್ರೇಡ್’ ಡಿಸ್ಕು ಮಾತ್ರ. ಈಗ ಮಾಡತಕ್ಕದ್ದೇನು?

ಈ ಬಗೆಯ ಡಿಸ್ಕು ಹಳೆಯ ವಿಂಡೋಸ್ ಉಳ್ಳವರಿಗಾಗಿಯೇ ಕಡಿಮೆ ಬೆಲೆಗೆ ಮಾರಲ್ಪಟ್ಟುದು. ಆದಕಾರಣ ಅದು ಸಾಕ್ಷಿ ಕೇಳುವುದು. 2001ರ ಎಕ್ಸ್‌ಪಿಯನ್ನು ಬರಿದಾದ ಹಾರ್ಡ್ ಡಿಸ್ಕಿನ ಮೇಲೆ ಅಳವಡಿಸುವಾಗ, ವಿಂಡೋಸ್ 98ರಂತಹ ಹಿಂದಿನ ಡಿಸ್ಕನ್ನು ಒಮ್ಮೆ ತೋರಿಸಿದರೆ ಸಾಕು. 2007ರ ವಿಸ್ಟಾಕ್ಕಾದರೋ ಡಿಸ್ಕು ಸಾಲದು. ಹಳೆಯ ವಿಂಡೋಸ್ ಯಂತ್ರದಲ್ಲಿದ್ದು, ಅದರೊಳಗಿನಿಂದಲೇ ಕಾರ್ಯವನ್ನಾರಂಭಿಸಬೇಕು. ಆದುದರಿಂದ ಹಳೆಯ ಡಿಸ್ಕನ್ನೂ ಅದರ ಕೀಲಿಸಂಖ್ಯೆಯನ್ನೂ ಎಸೆಯಲಾಗದು.

ಮೊದಲು ಹಾರ್ಡ್ ಡಿಸ್ಕನ್ನು ಮತ್ತೊಂದು ಕಂಪ್ಯೂಟರಿಗೆ ಜೋಡಿಸಿ, ಪತ್ರಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ‘ಫಾರ್ಮ್ಯಾಟ್’ ಮಾಡಿದ ಮೇಲೆ ಪಶ್ಚಾತ್ತಾಪಪಟ್ಟು ಫಲವಿಲ್ಲ.

ಇನ್ನೊಂದು ಮಾತು. ವಿಂಡೋಸ್ ಹೊಸದಾದ ಮೇಲೆ ‘ನುಡಿ’ಯಲ್ಲಿ ಬರೆದ ಹಳೆಯ ಪತ್ರವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುವು. ಬರಹವು ನಾಶವಾಯಿತೆಂದು ಹಲವರು ಅದನ್ನು ಅಳಿಸಿಬಿಡುವರು. ಹಾಗೆ ಮಾಡಬೇಡಿರಿ. ಯುನಿಕೋಡ್ ಬಳಸದ ಹಳೆಯ ನುಡಿಯು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಇರಿಸುತ್ತಿದ್ದಿತು. ಆ ಫಾಂಟು ಇಲ್ಲದಿರುವುದೇ ದೋಷ. ಅದನ್ನು ಪುನಃ ಅಳವಡಿಸಿದೊಡನೆ ತಾಯಿಯ ಪತ್ರವು ಕನ್ನಡದಲ್ಲಿ ಕಾಣಿಸಿಕೊಳ್ಳುವುದು. ಬಳಿಕ ಅದನ್ನು ಯುನಿಕೋಡಿಗೆ ಮಾರ್ಪಡಿಸಿಡುವುದು ಕ್ಷೇಮ.

ಎಕ್ಸ್‌ಪಿಗೆ 2014ರಿಂದಲೂ ವಿಸ್ಟಾಕ್ಕೆ 2017ರಿಂದಲೂ ರಕ್ಷಣೆಯ ತಿದ್ದುಪಡಿಗಳು ನಿಂತಿವೆ. ಆದಕಾರಣ ಅಂತಹ ಯಂತ್ರವನ್ನು ಅಂತರಜಾಲಕ್ಕೆ ಸೇರಿಸದೆ, ಹಳೆಯ ಬರಹಗಳನ್ನು ಓದುವುದಕ್ಕೆ ಮಾತ್ರ ಉಪಯೋಗಿಸಬೇಕೆಂದು ಬಿನ್ನವಿಸುತ್ತೇವೆ.