ಹಳೆಯ ಮೋಟಾರು ಗುಂಯ್‌ಗುಟ್ಟಿದರೆ

ಶಿಕಾರಿಪುರ, ಸೊರಬದ ಅಡಿಕೆ ಬೆಳೆಗಾರ ಬಾಂಧವರಿಗೆ ಗೊತ್ತಿರುವ ಮಾತೇ: ಬಿರುಬೇಸಿಗೆಯಲ್ಲೇ ಹಳೆಯ ಪಂಪ್‌ಸೆಟ್ ಮುಷ್ಕರ ಹೂಡುತ್ತದೆ.

ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ ಹಸಿರು ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಹೆಚ್ಚಾಗಿ ಮೂರು ಫೇಸುಗಳಲ್ಲಿ ಒಂದು ತಪ್ಪಿರುತ್ತದೆ. ಉಳಿದೆರಡರ ಮೇಲೆ ಹೊರೆ ಬಿದ್ದು ವೈಂಡಿಂಗ್ ನಿಮಿಷಗಳಲ್ಲೇ ಸುಟ್ಟುಹೋದೀತು.

ಬಲ್ಲ ಮೆಕ್ಯಾನಿಕ್‌ನಿಂದ ಬರುವ ಲೈನನ್ನು ಮೀಟರಿನಲ್ಲಿ ಅಳೆಸಿರಿ. ಯಾವ ಎರಡು ಫೇಸುಗಳ ನಡುವೆಯೂ ಸುಮಾರು 415 ವೋಲ್ಟ್ ಇರಬೇಕು. ಅದು ಸರಿಯಿದ್ದರೆ ದೋಷ ನಮ್ಮ ಶೆಡ್ಡಿನೊಳಗೇ ಇದೆ. ಮೇನ್ ಆಫ್ ಮಾಡಿ, ಫ್ಯೂಸ್ ಕಳಚಿದ ಮೇಲೆಯೇ ಸ್ಟಾರ್ಟರ್ ಪೆಟ್ಟಿಗೆ ತೆರೆಯಿರಿ. ಸುಟ್ಟ ಕಾಂಟ್ಯಾಕ್ಟ್, ಸಡಿಲ ತಂತಿ, ಇರುವೆಗೂಡು, ಇವೇ ಸಾಮಾನ್ಯ ಕಾರಣಗಳು.

ಓವರ್‌ಲೋಡ್ ರಿಲೇ ಪದೇ ಪದೇ ಬಿದ್ದರೆ ಅದನ್ನು ಕಟ್ಟಿಹಾಕಬೇಡಿ. ಅದು ಮೋಟಾರಿನ ಕಾವಲುಗಾರ. ಜೊತೆಗೊಂದು ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೆ ಮೋಟಾರೂ ಉಳಿದೀತು, ತೋಟವೂ ಒಣಗದು.